ಗ್ರಂಥಗಳನ್ನು ಕಾಯ್ದ ಮಠ: ಸಾಂಕ್ಟ್ ಗಾಲೆನ್



ಸ್ವಿಟ್ಜರ್ಲೆಂಡಿನ ಈಶಾನ್ಯ ಭಾಗದ ಸಾಂಕ್ಟ್ ಗಾಲೆನ್ ಪಟ್ಟಣದ ಮಠದಲ್ಲಿ ಗ್ರಂಥಾಲಯವನ್ನು ಪ್ರವೇಶಿಸುವವರು ತಮ್ಮ ಬೂಟುಗಳ ಮೇಲೆಯೇ ಉಣ್ಣೆಯ ಮೆತ್ತನೆಯ ಚಪ್ಪಲಿಗಳನ್ನು ತೊಡಬೇಕಿತ್ತು; ಮರದ ನೆಲ ಸವೆಯಬಾರದೆಂದು. ಹೊಸ್ತಿಲಲ್ಲಿ ಚಪ್ಪಲಿ ಕಳಚುವ ನಮಗೆ ಈ ಮಡಿ ತುಸು ವಿನೋದವೆನಿಸೀತು. ಬಾಗಿಲ ಮೇಲೆ ‘ಆತ್ಮದ ಚಿಕಿತ್ಸಾಲಯ’ ಎಂಬರ್ಥದ ಗ್ರೀಕ್ ಬರಹವಿದೆ.

612ರ ಸುಮಾರಿಗೆ ಗಾಲಸ್ ಎಂಬ ಸಂನ್ಯಾಸಿ ಏಕಾಂತವಾಸಕ್ಕೆ ಆರಿಸಿಕೊಂಡ ಈ ಸ್ಥಳದಲ್ಲಿ 719ರಲ್ಲಿ ಓಟ್ಮಾರ್ ಮಠವನ್ನು ಸ್ಥಾಪಿಸಿದನು. ಇಂದು ಕಾಣುವ ಭವ್ಯ ಸಭಾಂಗಣ 18ನೆಯ ಶತಮಾನದ್ದು. ಆದರೆ ಅದರೊಳಗಿನ ಹಸ್ತಪ್ರತಿಗಳಲ್ಲಿ ನಾನೂರಕ್ಕೂ ಹೆಚ್ಚು ಕ್ರಿ.ಶ. 1000ಕ್ಕಿಂತ ಹಿಂದಿನವು. ಅವು ಉಳಿದ ಬಗೆಯೇ ಇಂದಿನ ಮಾತಿನ ವಿಷಯ.

926ರಲ್ಲಿ ಹಂಗೇರಿಯನ್ನರ ದಂಡು ಸಮೀಪಿಸಿತು. ಇಗರ್ಜಿಯೊಂದರ ಪಕ್ಕದ ಕೋಣೆಯಲ್ಲಿ ಗೋಡೆ ಕಟ್ಟಿಸಿಕೊಂಡು ತಪಸ್ಸಿಗೆ ಕುಳಿತಿದ್ದ ವಿಬೋರಾದಾ ಎಂಬ ಸ್ತ್ರೀ ಮಠಾಧಿಪತಿಗೆ ಮುನ್ನೆಚ್ಚರಿಕೆ ನೀಡಿದಳು: ಮೊದಲು ಗ್ರಂಥಗಳನ್ನು ಸಾಗಿಸಿರಿ, ಉಳಿದದ್ದು ಆಮೇಲೆ. ಬೆಳ್ಳಿಬಂಗಾರದ ಪೂಜಾಪಾತ್ರೆಗಳಿದ್ದ ಮಠದಲ್ಲಿ ಈ ಮಾತನ್ನಾಡಲು ಎಂತಹ ಧೈರ್ಯ ಬೇಕಿತ್ತು! ಗ್ರಂಥಗಳು ರೈಖೆನಾವ್ ದ್ವೀಪದ ಮಠವನ್ನು ಸೇರಿದವು. ವಿಬೋರಾದಾ ಕೋಣೆಯನ್ನು ಬಿಟ್ಟು ಕದಲಲಿಲ್ಲ, ಅಲ್ಲಿಯೇ ಹತಳಾದಳು. 1047ರಲ್ಲಿ ಪೋಪರು ಆಕೆಯನ್ನು ಸಂತಳೆಂದು ಘೋಷಿಸಿದರು. ಮುಂದೆ ಗ್ರಂಥಗಳು ಮರಳಿದಾಗ ಸಂಖ್ಯೆಯೇನೋ ಸರಿಹೊಂದಿತು, ಗ್ರಂಥಗಳು ಮಾತ್ರ ಅವೇ ಅಲ್ಲ ಎಂದು ಮಠದ ಚರಿತ್ರಕಾರ ಎಕ್ಕೆಹಾರ್ಟ್ ಬರೆದಿಟ್ಟಿದ್ದಾನೆ. ಪುಸ್ತಕ ಎರವಲು ಕೊಟ್ಟವರಿಗೆ ಈ ಅನುಭವ ಹೊಸದಲ್ಲ.

ಇಲ್ಲಿಯ ಇನ್ನೊಂದು ನಿಧಿ, ಐದು ಚರ್ಮಪತ್ರಗಳನ್ನು ಹೊಲಿದು ಬರೆದ ಮಠದ ನಕ್ಷೆ. ನಮ್ಮಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ ರೈಖೆನಾವ್‌ನಲ್ಲಿ ಸಿದ್ಧವಾದದ್ದು. ಇಗರ್ಜಿ, ಔಷಧಿವನ, ಬಿಯರ್ ತಯಾರಿಸುವ ಮನೆ, ಕೋಳಿಗೂಡು, ಕೋಳಿ ಕಾಯುವವನ ಮನೆ ಎಲ್ಲವೂ ಅದರಲ್ಲಿವೆ, ಇದ್ದಂತೆಯೇ ಕಟ್ಟಲಾಗಲಿಲ್ಲವಷ್ಟೆ. 12ನೆಯ ಶತಮಾನದಲ್ಲಿ ಲಿಪಿಕಾರನೊಬ್ಬನು ಅದರ ಹಿಂಬದಿಯಲ್ಲಿ ಸಂತ ಮಾರ್ಟಿನನ ಚರಿತ್ರೆಯನ್ನು ಬರೆದನು. ಸ್ಥಳ ಸಾಲದೆ ಮುಂಬದಿಯ ಒಂದು ಕಟ್ಟಡವನ್ನೇ ಅಳಿಸಿದನು. ಆತನನ್ನು ಶಪಿಸುವಂತಿಲ್ಲ, ಮಡಿಚಿ ಪುಸ್ತಕವಾದುದರಿಂದಲೇ ನಕ್ಷೆ ಉಳಿಯಿತು.

1712ರ ಯುದ್ಧದಲ್ಲಿ ಜ್ಯೂರಿಕ್ ಮತ್ತು ಬೆರ್ನ್ ಸೈನ್ಯಗಳು ಗ್ರಂಥಗಳನ್ನು ಹೊತ್ತೊಯ್ದವು. ಹಲವು ಮರಳಿದರೂ ಎಲ್ಲವೂ ಬರಲಿಲ್ಲ. 1805ರಲ್ಲಿ ಮಠವೇ ವಿಸರ್ಜಿತವಾಯಿತು, ಗ್ರಂಥಾಲಯ ಉಳಿಯಿತು, ವ್ಯಾಜ್ಯವೂ ಉಳಿಯಿತು. 2006ರಲ್ಲಿ ರಾಜಿಯಾಗಿ ಜ್ಯೂರಿಕಿನಿಂದ ಕೆಲವು ಹಸ್ತಪ್ರತಿಗಳು ತವರಿಗೆ ಬಂದವು, ಎರವಲಿನ ರೂಪದಲ್ಲಿ.