ತಡೆದವರ ಲೆಕ್ಕ

1956ರ ಡಿಸೆಂಬರ್ 1ರಂದು ಮೆಲ್ಬರ್ನ್ ನಗರದಲ್ಲಿ ಎರಡು ಪಂದ್ಯಗಳು ನಡೆದವು. ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್‌ನ ಅಂತಿಮ ಪಂದ್ಯದಲ್ಲಿ ಅಮೆರಿಕವು ಸೋವಿಯತ್ ಒಕ್ಕೂಟವನ್ನು 89–55ರಿಂದ ಸೋಲಿಸಿತು. ಫುಟ್‌ಬಾಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ, ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡವೆನಿಸಿತು. ಅಮೆರಿಕದ ತಂಡದಲ್ಲಿ ಬಿಲ್ ರಸೆಲ್ ಇದ್ದರು. ಭಾರತದ ತಂಡದಲ್ಲಿ ಮೈಸೂರಿನ ಹಾಫ್‌ಬ್ಯಾಕ್ ಎಂ. ಕೆಂಪಯ್ಯ ಇದ್ದರು.

ಇಬ್ಬರ ಕೆಲಸವೂ ಮುಖ್ಯವಾಗಿ ಎದುರಾಳಿಯನ್ನು ತಡೆಯುವುದೇ. ರಸೆಲ್ ಅದೇ ತಿಂಗಳು ಬಾಸ್ಟನ್ ಸೆಲ್ಟಿಕ್ಸ್ ಸೇರಿ ವೃತ್ತಿಪರ ಆಟಗಾರರಾದರು. 13 ಋತುಗಳಲ್ಲಿ 11 ಪ್ರಶಸ್ತಿಗಳು ಅವರ ತಂಡಕ್ಕೆ ಸಂದವು. 1966ರಲ್ಲಿ ಅವರು ಆ ಲೀಗಿನ ಮೊದಲ ಕಪ್ಪು ಜನಾಂಗದ ಮುಖ್ಯ ತರಬೇತುದಾರರಾದರು; ಕೊನೆಯ ಎರಡು ಪ್ರಶಸ್ತಿಗಳನ್ನು ಆಟಗಾರರೂ ತರಬೇತುದಾರರೂ ಆಗಿ ಗೆದ್ದರು. ಅವರ 21,620 ರೀಬೌಂಡ್‌ಗಳು ಲೆಕ್ಕದಲ್ಲಿವೆ. ಆದರೆ ಎದುರಾಳಿಯ ಚೆಂಡನ್ನು ಗಾಳಿಯಲ್ಲಿಯೇ ತಡೆಯುವುದು ಅವರ ಪರಮ ವಿದ್ಯೆ. ಅದನ್ನು ಲೀಗ್ ಎಣಿಸತೊಡಗಿದ್ದು 1973ರಲ್ಲಿ, ಅವರು ನಿವೃತ್ತರಾಗಿ ನಾಲ್ಕು ವರ್ಷಗಳ ಮೇಲೆ.

ವೃತ್ತಿಪರರಾದೊಡನೆ ರಸೆಲ್‌ಗೆ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. ಆ ಲೀಗಿನ ಆಟಗಾರರಿಗೆ ಅದು ತೆರೆದದ್ದು 1992ರ ಬಾರ್ಸಿಲೋನಾದಲ್ಲಿ. ಕೆಂಪಯ್ಯನವರಿಗೆ ಬಾಗಿಲು ತೆರೆದೇ ಇತ್ತು. 1960ರಲ್ಲಿ ರೋಮ್‌ಗೂ ಹೋದರು. ಫ್ರಾನ್ಸ್ ವಿರುದ್ಧ 1–1ರ ಸಮಬಲ ಸಾಧಿಸಿದ ತಂಡ ಅದು. ಆದರೆ ಅಂದಿನ ಭಾರತದಲ್ಲಿ ಫುಟ್‌ಬಾಲ್ ಸಂಪೂರ್ಣ ಜೀವನೋಪಾಯವಾಗಿರಲಿಲ್ಲ. ಪೊಲೀಸ್, ರೈಲ್ವೆ, ಸೇನೆಗಳ ನೌಕರಿಯೇ ಬಹುಪಾಲು ಆಟಗಾರರ ಆಸರೆ. ಪ್ರತಿಭೆಗೆ ದೊಡ್ಡ ಅಂಗಳ ಬೇಕೆಂದರೆ ಕೋಲ್ಕತ್ತಕ್ಕೆ ಹೋಗಬೇಕು. ಕೆಂಪಯ್ಯನವರೂ ಅಲ್ಲಿ ಮೋಹನ್ ಬಾಗಾನ್ ಪರವಾಗಿ ಆಡಿದರು.

ಎರಡೂ ಒಲಿಂಪಿಕ್ಸ್‌ಗಳಲ್ಲಿ ಅವರ ಗುರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತ್ತು. ನಾನು ವಾಸಿಸುವ ಮೆಹದಿಪಟ್ಟಣಂನಲ್ಲಿ ಇಂದು ಮಕ್ಕಳ ಕೈಯಲ್ಲಿ ಕ್ರಿಕೆಟ್ ಬ್ಯಾಟೇ ಹೆಚ್ಚು. ಆದರೂ 2024ರ ‘ಮೈದಾನ್’ ಚಲನಚಿತ್ರದಿಂದ ರಹೀಮರ ಹೆಸರು ಮತ್ತೆ ಕೇಳಿಬಂತು.

2022ರಲ್ಲಿ ರಸೆಲ್ ತೀರಿಕೊಂಡಾಗ, ಅವರ 6ನೆಯ ಸಂಖ್ಯೆಯ ಅಂಗಿಯನ್ನು ಲೀಗಿನ ಎಲ್ಲ ತಂಡಗಳೂ ಶಾಶ್ವತವಾಗಿ ಗೌರವಪೂರ್ವಕ ನಿವೃತ್ತಿಗೊಳಿಸಿದವು. ಎಣಿಸದೆ ಬಿಟ್ಟ ವಿದ್ಯೆಗೂ ಅಲ್ಲಿ ಸ್ಮರಣೆ ದೊರೆಯಿತು, ಏಕೆಂದರೆ ಸ್ಮರಣೆಯನ್ನು ಕಾಯುವ ಸಂಸ್ಥೆಯಿತ್ತು. ಮೆಲ್ಬರ್ನ್‌ನ ಪ್ರಸಂಗ ಬಂದರೆ ನಾವು ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜರನ್ನು ನೆನೆಯುತ್ತೇವೆ, ಅದು ನ್ಯಾಯವೇ. ಹೊಡೆದವರನ್ನು ಅಂಕಿಗಳು ಕಾಪಾಡುತ್ತವೆ. ತಡೆದವರನ್ನು ಕಾಪಾಡಬೇಕಾದದ್ದು ಬರವಣಿಗೆ. ತವರು ಬಿಟ್ಟು ಪರಭಾಷೆಯ ಊರಿನಲ್ಲಿ ಹೆಸರು ಗಳಿಸಿದ ಕೆಂಪಯ್ಯನವರ ಕಥೆಯನ್ನು ಬಂಗಾಳಿಗಳೇ ಬರೆಯಲೆಂದು ಕಾಯುವುದು ತರವಲ್ಲ. ಹೊರನಾಡಿನ ಕನ್ನಡಿಗರಾದ ನಮಗೆ ಅದು ನಮ್ಮದೇ ಚರಿತ್ರೆ.