18 ಅರಸುಗಾರುಗಳು

ಹಣವಿದ್ದವನಿಗೆ ದೊರೆಯದ ವಸ್ತುವಿಲ್ಲವೆಂಬ ಮಾತಿಗೆ ಇಂಗ್ಲೆಂಡಿನ ಕಾರೊಂದು ಕೆಲಕಾಲ ಅಪವಾದವಾಗಿದ್ದಿತು. ರೋಲ್ಸ್-ರಾಯ್ಸ್ ಸಂಸ್ಥೆಯು 1950ರಿಂದ 1956ರವರೆಗೆ ನಿರ್ಮಿಸಿದ ನಾಲ್ಕನೆಯ ಫ್ಯಾಂಟಮ್, ರಾಜಮನೆತನಗಳಿಗೂ ರಾಷ್ಟ್ರಗಳ ಮುಖ್ಯಸ್ಥರಿಗೂ ಮೀಸಲಾಗಿದ್ದಿತು; ಉಳಿದವನು ಎಷ್ಟೇ ಸಿರಿವಂತನಾದರೂ ಅವನಿಗೆ ಸಲ್ಲದು. ತಯಾರಾದುವು 18 ಮಾತ್ರ. ಮೊದಲನೆಯದು 1950ರಲ್ಲಿ ರಾಜಕುಮಾರಿ ಎಲಿಜಬೆತ್ ದಂಪತಿಗಳಿಗೆ ಸಂದಿತು. ಅಲ್ಲಿಯವರೆಗೆ ಆ ಅರಮನೆಯಲ್ಲಿ ಡೈಮ್ಲರ್ ಕಾರುಗಳದೇ ಪಾರುಪತ್ಯ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಮೂರನ್ನು ತರಿಸಿಕೊಂಡನು. ಅರಸನಲ್ಲದವನಿಗೆ ಅರಸರಿಗಿಂತ ಹಂಬಲ ಹೆಚ್ಚು!

ಮುಂದಿನ ಗಾಲಿಯ ಅಚ್ಚಿನಿಂದ ಹಿಂದಿನದಕ್ಕೆ 145 ಅಂಗುಲ, ಎಂದರೆ 12 ಅಡಿಯ ಮೇಲೊಂದಂಗುಲ. ಎಂಟು ಸಿಲಿಂಡರುಗಳು ಸಾಲಾಗಿ ನಿಂತ ಎಂಜಿನು ಮೆರವಣಿಗೆಯ ಮಂದಗತಿಗೂ ಒಗ್ಗುವಂಥದು. ಅದೇ ಕುಲದ ಎಂಜಿನುಗಳು ಸೇನಾವಾಹನಗಳಲ್ಲಿಯೂ ಬೆಂಕಿಯಾರಿಸುವ ಬಂಡಿಗಳಲ್ಲಿಯೂ ದುಡಿದುವೆಂಬುದು ನಮಗೆ ಅರಮನೆಯ ವೈಭವಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ. ಹದಿನೆಂಟರಲ್ಲೊಂದಂತೂ ಕಾರ್ಖಾನೆಯಲ್ಲಿಯೇ ಸಾಮಾನು ಹೊರುವ ಬಂಡಿಯಾಗಿದ್ದು, ಕೊನೆಗೆ ಬಿಚ್ಚಿಹಾಕಲ್ಪಟ್ಟಿತು.

ಸ್ಪೇನಿನ ಮೂರೂ ಸರ್ಕಾರದ ವಶದಲ್ಲುಳಿದುವು. 2014ರಲ್ಲಿ ಆರನೆಯ ಫೆಲಿಪೆ ಪಟ್ಟಕ್ಕೆ ಬಂದ ದಿನ ಅವುಗಳಲ್ಲೊಂದರಲ್ಲಿ ನಿಂತು ಬೀದಿಯಲ್ಲಿ ಸಾಗಿದನು. ಇನ್ನು ಕೆಲವು ಒಡೆಯರ ಕೈತಪ್ಪಿ, ಹರಾಜಿಗೆ ಬಂದು, ಸಂಗ್ರಾಹಕರ ಪಾಲಾದುವು. ಸವಾಲು ಕೂಗುವವನ ಕುಲಗೋತ್ರವನ್ನು ಹರಾಜಿನವನು ವಿಚಾರಿಸುವುದಿಲ್ಲ.