ಒರ್ಲ್ಯಾಂಡೊ ಥೀಮ್ ಪಾರ್ಕ್ ಪ್ರವಾಸ: ಬಾಡಿಗೆ ಕಾರು ಯಾವ ದಿನ ಬೇಕು, ಯಾವ ದಿನ ಬೇಡ?

ಫ್ಲೋರಿಡಾದ ಒರ್ಲ್ಯಾಂಡೊಗೆ ವಿಮಾನ, ಹೋಟೆಲ್, ಪಾರ್ಕ್ ಟಿಕೆಟ್ ಎಲ್ಲ ಬುಕ್ ಆದ ಮೇಲೆ ಕೊನೆಗೆ ಉಳಿಯುವ ಪ್ರಶ್ನೆ ಕಾರಿನದು. ವೆಬ್‌ಸೈಟ್‌ನಲ್ಲಿ ಕಾಣುವ ದಿನಬಾಡಿಗೆ ಅಗ್ಗವೆನಿಸಿ ಇಡೀ ವಾರಕ್ಕೆ ಕಾರು ಹಿಡಿಯುವವರಿದ್ದಾರೆ. ಆಮೇಲೆ ನೋಡಿದರೆ ಅದು ಮೂರ್ನಾಲ್ಕು ದಿನ ಹೋಟೆಲ್ ಪಾರ್ಕಿಂಗ್‌ನಲ್ಲೇ ನಿಂತಿರುತ್ತದೆ. ಯಾವ ದಿನ ಯಾವ ಪಾರ್ಕ್ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಈ ಖರ್ಚು ಅರ್ಧ ತಪ್ಪುತ್ತದೆ.

1971ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಂದೇ ಪಾರ್ಕ್ ಅಲ್ಲ. ಸುಮಾರು 100 ಚದರ ಕಿ.ಮೀ. ಜಾಗದಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಥೀಮ್ ಪಾರ್ಕ್‌ಗಳಿವೆ. ಡಿಸ್ನಿಯದೇ ಹೋಟೆಲ್‌ನಲ್ಲಿ ಉಳಿದವರಿಗೆ ಪಾರ್ಕ್‌ಗಳಿಗೆ ಹೋಗಿಬರುವ ಬಸ್ ಉಚಿತ. ಹೊರಗಿನ ಹೋಟೆಲ್‌ನಿಂದ ಕಾರಿನಲ್ಲಿ ಬಂದರೆ ದಿನದ ಲೆಕ್ಕದಲ್ಲಿ ಪಾರ್ಕಿಂಗ್ ಶುಲ್ಕ ಕಟ್ಟಬೇಕು. ಒಮ್ಮೆ ಕಟ್ಟಿದರೆ ಆ ದಿನ ನಾಲ್ಕೂ ಪಾರ್ಕ್‌ಗಳಿಗೆ ಸಲ್ಲುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗಂತೂ ಕಾರು ಒಯ್ಯುವುದು ತಾಪತ್ರಯವೇ. ಪಾರ್ಕಿಂಗ್ ಇರುವುದು ದೊಡ್ಡ ಕೆರೆಯೊಂದರ ಈಚೆ ದಡದಲ್ಲಿ. ಅಲ್ಲಿಂದ ಮೊನೊರೈಲ್ ಅಥವಾ ಫೆರಿ ಹಿಡಿದು ಗೇಟು ತಲುಪಬೇಕು. ಡಿಸ್ನಿ ಹೋಟೆಲ್‌ನ ಬಸ್ಸಾದರೆ ಗೇಟಿನ ಹತ್ತಿರವೇ ಇಳಿಸುತ್ತದೆ.

ಯೂನಿವರ್ಸಲ್ ಪಾರ್ಕ್‌ಗಳು ಡಿಸ್ನಿಯಿಂದ ಐ-4 ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿವೆ. ಹಳೆಯ ಎರಡು ಪಾರ್ಕ್‌ಗಳ ನಡುವೆ ನಡೆದೇ ಹೋಗಬಹುದು. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಮಾತ್ರ ಕೆಲವು ಕಿ.ಮೀ. ಆಚೆ ಇದೆ. ಇಲ್ಲಿಗೆ ಒಂದೆರಡು ದಿನ ಹೋಗಿಬರಲು ಊಬರ್ ಸಾಕು.

ಕಾರು ನಿಜವಾಗಿ ಬೇಕಾಗುವುದು ಊರು ಬಿಟ್ಟು ಹೊರಟಾಗ. ಚಿಕ್ಕ ಮಕ್ಕಳು ಇಷ್ಟಪಡುವ ಲೆಗೊಲ್ಯಾಂಡ್ ಇರುವುದು ಸುಮಾರು 70 ಕಿ.ಮೀ. ದೂರದ ವಿಂಟರ್ ಹೇವನ್‌ನಲ್ಲಿ. ಬುಷ್ ಗಾರ್ಡನ್ಸ್ ಇರುವ ಟ್ಯಾಂಪಾ ಸುಮಾರು 120 ಕಿ.ಮೀ. ಥೀಮ್ ಪಾರ್ಕ್ ಅಲ್ಲದಿದ್ದರೂ ಮಕ್ಕಳು ಬಿಡದೆ ಕೇಳುವ ಕೆನಡಿ ಬಾಹ್ಯಾಕಾಶ ಕೇಂದ್ರ ಇರುವುದು ಪೂರ್ವ ಕರಾವಳಿಯಲ್ಲಿ. ನಾಲ್ಕೈದು ಜನರ ಕುಟುಂಬಕ್ಕೆ ಇಂಥ ದಿನಗಳಲ್ಲಿ ಟ್ಯಾಕ್ಸಿಗಿಂತ ಬಾಡಿಗೆ ಕಾರೇ ಅಗ್ಗ. ವಿಮಾನ ನಿಲ್ದಾಣದಲ್ಲೇ ಕಾರು ಪಡೆದರೆ ಹೆಚ್ಚುವರಿ ಶುಲ್ಕಗಳು ಸೇರುತ್ತವೆ. ಹೋಟೆಲ್ ಹತ್ತಿರದ ಶಾಖೆಯಿಂದ ಎರಡು ದಿನಕ್ಕಷ್ಟೇ ಪಡೆದರೆ ಅದು ಉಳಿಯುತ್ತದೆ. ಇಂಥ ಶಾಖೆಗಳು ಸಂಜೆ ಬೇಗ ಮುಚ್ಚುತ್ತವೆ, ಸಮಯ ಕೇಳಿಕೊಳ್ಳಿ. ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣ ಮುಗಿಸಿ ಇಳಿದ ರಾತ್ರಿಯೇ ಸ್ಟೇರಿಂಗ್ ಹಿಡಿಯುವುದೂ ಇದರಿಂದ ತಪ್ಪುತ್ತದೆ.

ವಿಮೆಯಲ್ಲಿ ಉಳಿತಾಯ ಬೇಡ

ಭಾರತದಲ್ಲಿ ನಿಮ್ಮ ಕಾರಿಗೆ ಮಾಡಿಸಿದ ವಿಮೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ರವಾಸ ವಿಮೆ ಸಾಮಾನ್ಯವಾಗಿ ನೋಡಿಕೊಳ್ಳುವುದು ನಿಮ್ಮ ಆಸ್ಪತ್ರೆ ಖರ್ಚನ್ನು, ಬಾಡಿಗೆ ಕಾರನ್ನಲ್ಲ. ಕೌಂಟರ್‌ನಲ್ಲಿ ಎರಡು ಬೇರೆ ಬೇರೆ ರಕ್ಷಣೆಗಳ ಮಾತು ಬರುತ್ತದೆ. ಮೊದಲನೆಯದು ಎಲ್‌ಡಿಡಬ್ಲ್ಯು ಅಥವಾ ಸಿಡಿಡಬ್ಲ್ಯು. ಇದು ಬಾಡಿಗೆ ಕಾರಿಗೇ ಆಗುವ ಹಾನಿಗೆ. ಎರಡನೆಯದು ಲಯಬಿಲಿಟಿ, ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಹೆಚ್ಚಿನವರು ಮೊದಲನೆಯದನ್ನು ಪಡೆದು ಎರಡನೆಯದನ್ನು ದುಡ್ಡು ಕೀಳುವ ಉಪಾಯವೆಂದು ಬಿಟ್ಟುಬಿಡುತ್ತಾರೆ. ದೊಡ್ಡ ಅಪಾಯ ಇರುವುದು ಅಲ್ಲೇ. ಭಾರತದ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು, ಗಾಯದ ಪರಿಹಾರಕ್ಕೆ ಮಿತಿಯಿಲ್ಲ. ಫ್ಲೋರಿಡಾದಲ್ಲಿ ವಾಹನ ನೋಂದಣಿಗೆ ಕಡ್ಡಾಯವಾದ ಕನಿಷ್ಠ ವಿಮೆ ಎಂದರೆ ವೈಯಕ್ತಿಕ ಗಾಯಕ್ಕೆ 10,000 ಡಾಲರ್, ಬೇರೆಯವರ ಆಸ್ತಿ ನಷ್ಟಕ್ಕೆ 10,000 ಡಾಲರ್. ಅಮೆರಿಕದ ಆಸ್ಪತ್ರೆಯಲ್ಲಿ ಅದು ಒಂದೆರಡು ದಿನಕ್ಕೂ ಸಾಲದು. ಬುಕಿಂಗ್ ವೇಳೆ ವಾಸದ ದೇಶ ಭಾರತ ಎಂದು ನಮೂದಿಸಿದರೆ ಕೆಲವು ಕಂಪನಿಗಳು ಎರಡೂ ವಿಮೆ ಸೇರಿದ ದರ ತೋರಿಸುತ್ತವೆ. ಕೌಂಟರ್‌ನಲ್ಲಿ ಸೇರಿಸಿಕೊಳ್ಳುವುದಕ್ಕಿಂತ ಇದು ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ಇನ್ನೊಂದು ವಿಷಯ ಅಮೆರಿಕದಲ್ಲಿ ಮಕ್ಕಳಿರುವ ತಂದೆ-ತಾಯಿಗೆ. ಮಗನ ಹೆಸರಿನಲ್ಲಿ ಕಾರು ಪಡೆದು, ರಾತ್ರಿ ಪಟಾಕಿ ಪ್ರದರ್ಶನ ಮುಗಿಸಿ ಬರುವಾಗ ಅವನು ದಣಿದಿದ್ದಾನೆಂದು ಅಪ್ಪ ಡ್ರೈವ್ ಮಾಡುವುದುಂಟು. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಪಡೆದ ರಕ್ಷಣೆ ಅನ್ವಯಿಸದೇ ಹೋಗಬಹುದು. ಹೆಚ್ಚುವರಿ ಚಾಲಕರ ಶುಲ್ಕ ಕಟ್ಟಿ ಹೆಸರು ಸೇರಿಸಿಕೊಳ್ಳಿ.

ಲೈಸೆನ್ಸ್ ಮತ್ತು ರಸ್ತೆ

ಪ್ರವಾಸಿಗರು ತಮ್ಮ ದೇಶದ ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು ಫ್ಲೋರಿಡಾದಲ್ಲಿ ವಾಹನ ಓಡಿಸಬಹುದು. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜೊತೆಗಿದ್ದರೆ ಕೌಂಟರ್‌ನಲ್ಲಿ ತಕರಾರು ಇರುವುದಿಲ್ಲ. ನಿಮ್ಮ ಆರ್‌ಟಿಒದಲ್ಲಿ ಸಿಗುವ ಇದರ ಅವಧಿ ಗರಿಷ್ಠ ಒಂದು ವರ್ಷ. ಮೂಲ ಲೈಸೆನ್ಸ್ ಇಲ್ಲದೆ ಇದೊಂದೇ ನಡೆಯದು. ಬಾಡಿಗೆದಾರರ ಹೆಸರಿನ ಕ್ರೆಡಿಟ್ ಕಾರ್ಡ್ ಕೂಡ ಕೇಳುತ್ತಾರೆ. ಠೇವಣಿಯಾಗಿ ಅದರಲ್ಲಿ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ.

ರಸ್ತೆಯ ಬಲಬದಿಯಲ್ಲಿ ಓಡಿಸುವುದು ಒಂದು ದಿನದಲ್ಲಿ ರೂಢಿಯಾಗುತ್ತದೆ. ಎಡವುವುದು ಸಣ್ಣಪುಟ್ಟ ನಿಯಮಗಳಲ್ಲಿ. ಸ್ಟಾಪ್ ಫಲಕ ಕಂಡರೆ ರಸ್ತೆ ಖಾಲಿಯಿದ್ದರೂ ಪೂರ್ತಿ ನಿಲ್ಲಲೇಬೇಕು. ಶಾಲಾ ಬಸ್ ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರಷ್ಟೇ ಅಲ್ಲ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಪೊಲೀಸರು ತಡೆದರೆ ನಮ್ಮಲ್ಲಿಯಂತೆ ಇಳಿದು ಅವರ ಬಳಿ ಹೋಗಬೇಡಿ. ಸೀಟಿನಲ್ಲೇ ಕುಳಿತು ಕೈಗಳನ್ನು ಸ್ಟೇರಿಂಗ್ ಮೇಲಿಡಿ. ಐದು ವರ್ಷದವರೆಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ.

ಒರ್ಲ್ಯಾಂಡೊ ಸುತ್ತಲಿನ ಟೋಲ್ ರಸ್ತೆಗಳಲ್ಲಿ ಕಾರಿನ ನಂಬರ್ ಪ್ಲೇಟ್ ಫೋಟೊ ತೆಗೆದು ಬಿಲ್ ಮಾಡುತ್ತಾರೆ. ಆ ಬಿಲ್ ಬಾಡಿಗೆ ಕಂಪನಿಯ ಮೂಲಕ, ಅದರ ಸೇವಾ ಶುಲ್ಕ ಸೇರಿಸಿಕೊಂಡು, ನೀವು ಊರಿಗೆ ಮರಳಿದ ಮೇಲೂ ಕಾರ್ಡ್‌ಗೆ ಬೀಳಬಹುದು. ವಿಮಾನ ನಿಲ್ದಾಣದಲ್ಲಿ ಉಚಿತವಾಗಿ ಸಿಗುವ ವಿಸಿಟರ್ ಟೋಲ್ ಪಾಸ್ ತೂಗುಹಾಕಿಕೊಂಡರೆ ಟೋಲ್ ಮೊತ್ತ ಮಾತ್ರ ಕಡಿತವಾಗುತ್ತದೆ. ಹೊರಡುವಾಗ ಅದನ್ನು ಅಲ್ಲಿನ ಡಬ್ಬಿಗೆ ಹಾಕಿ ಬರಬೇಕು. ಕಾರು ಪಡೆಯುವಾಗ ಮತ್ತು ಮರಳಿಸುವಾಗ ನಾಲ್ಕೂ ಬದಿಯ ಜೊತೆಗೆ ಪೆಟ್ರೋಲ್ ಮುಳ್ಳಿನ ಫೋಟೊ ತೆಗೆದಿಟ್ಟುಕೊಂಡು, ಕಾರ್ಡ್‌ನ ಮುಂದಿನ ಎರಡು ಸ್ಟೇಟ್‌ಮೆಂಟ್ ಬರುವವರೆಗೆ ಅಳಿಸದೆ ಇಡಿ.